ಗದ್ದುಗೆ ಏರದವರ ಗೆಲುವು

ಕೆನಡಾದ ಪ್ರೈರಿ ಬಯಲಿನ ಚಳಿಗಾಲದಲ್ಲಿ ಬೆಳಗಿನ ಹತ್ತು ಗಂಟೆ ಎಂದರೆ ಮಾತಿನ ಹೊತ್ತು. ಸಸ್ಕ್ಯಾಚೆವನ್ ಪ್ರಾಂತ್ಯದ ಯಾವ ಸಣ್ಣ ಊರಿಗೆ ಹೋದರೂ ಪೆಟ್ರೋಲ್ ಬಂಕಿನ ಪಕ್ಕದ ಹೋಟೆಲಿನಲ್ಲೋ ಕೋ-ಆಪ್ ಅಂಗಡಿಯ ಮೂಲೆಯಲ್ಲೋ ಉದ್ದನೆಯ ಒಂದು ಮೇಜು, ಅದರ ಸುತ್ತ ಏಳೆಂಟು ಮಂದಿ ವಯಸ್ಸಾದ ರೈತರು ಕಾಣುತ್ತಾರೆ. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ಒಳಗೆ ಕಾಫಿಯ ಹಬೆ, ಕಳಚಿಟ್ಟ ಕೈಗವಸುಗಳು, ಬೀಜದ ಕಂಪನಿಯ ಹೆಸರು ಹೊತ್ತ ಟೋಪಿಗಳು. ಈ ಕೂಟಕ್ಕೆ ‘ಕಾಫಿ ರೋ’ ಎಂದು ಹೆಸರು. ಕರೆಯೋಲೆಯಿಲ್ಲ, ಅಧ್ಯಕ್ಷರಿಲ್ಲ, ವಂದನಾರ್ಪಣೆಯೂ ಇಲ್ಲ. ಮಾತು ಮೊದಲು ಬಿದ್ದ ಹಿಮದ ಬಗ್ಗೆ, ಆಮೇಲೆ ಗೋಧಿ, ಕನೋಲಾಗಳ ಬೆಲೆಯ ಬಗ್ಗೆ, ಅಲ್ಲಿಂದ ಹೊತ್ತಿಗೆ ಬಾರದ ರೈಲು ವ್ಯಾಗನ್ನುಗಳ ಬಗ್ಗೆ. ಕೊನೆಗೆ ತಪ್ಪದೆ ದೇಶದ ರಾಜಧಾನಿ ಒಟ್ಟಾವಾ ತಲುಪುತ್ತದೆ.

ನಾನು ಈ ಪ್ರಾಂತ್ಯದ ರಾಜಧಾನಿ ರಿಜೈನಾದಲ್ಲಿ ನೆಲೆಸಿದ ಕನ್ನಡಿಗ. ಕೆಲಸದ ಮೇಲೆ ಹಳ್ಳಿಗಳ ಕಡೆ ಹೋದಾಗಲೆಲ್ಲ ಇಂಥ ಮೇಜಿನ ತುದಿಯಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂರುವುದು ನನಗೆ ಬಲು ಪ್ರೀತಿ. ಇಲ್ಲಿ ದನಿ ಏರುವುದಿಲ್ಲ. ಒಬ್ಬ ತನ್ನ ಲೋಟವನ್ನು ಮೆಲ್ಲಗೆ ತಿರುಗಿಸುತ್ತ ಪ್ರಧಾನಿಯನ್ನು ಟೀಕಿಸುತ್ತಾನೆ. ಇನ್ನೊಬ್ಬ ಕಿಟಕಿಯಾಚೆ ನೋಡುತ್ತ ಆ ಟೀಕೆಗೆ ಉತ್ತರ ಕೊಡುತ್ತಾನೆ. ಒಪ್ಪದವರು ಸುಮ್ಮನೆ ಕಾಫಿ ಗುಟುಕರಿಸುತ್ತಾರೆ. ಆ ಮೌನದ ಅರ್ಥ ಎಲ್ಲರಿಗೂ ಗೊತ್ತು.

ಈ ಮೇಜುಗಳ ಸುತ್ತ ಕೂರುವವರಲ್ಲಿ ಹೆಚ್ಚಿನವರು ಇಂದು ಕನ್ಸರ್ವೇಟಿವ್ ಪಕ್ಷಕ್ಕೆ ವೋಟು ಹಾಕುವವರು. 2025ರ ಸಂಸತ್ ಚುನಾವಣೆಯಲ್ಲಿ ಈ ಪ್ರಾಂತ್ಯದ 14 ಸೀಟುಗಳ ಪೈಕಿ 13 ಆ ಪಕ್ಷಕ್ಕೇ ಬಂದವು. ತೆರಿಗೆಯ ಬಗ್ಗೆ, ಒಟ್ಟಾವಾದ ದುಂದುವೆಚ್ಚದ ಬಗ್ಗೆ ಇವರ ಸಿಟ್ಟು ನಿಜವಾದದ್ದು. ಆದರೆ ಒಂದು ವಿಷಯ ಎತ್ತಿದರೆ ಮೇಜಿನ ಎರಡೂ ಬದಿ ಒಂದೇ ಬದಿಯಾಗಿಬಿಡುತ್ತದೆ. ಅದು ಮೆಡಿಕೇರ್. ಕಾಯಿಲೆ ಬಿದ್ದವನ ಜೇಬು ನೋಡದೆ ಚಿಕಿತ್ಸೆ ಕೊಡುವ ವ್ಯವಸ್ಥೆ. “ಅದನ್ನು ಮುಟ್ಟಲು ಯಾರಿಗೂ ಬಿಡಬಾರದು. ಅದು ನಮ್ಮಪ್ಪಂದಿರು ಕಟ್ಟಿದ್ದು,” ಎಂದು ಒಬ್ಬ ಮುದುಕ ನನಗೆ ಹೇಳಿದ. ಆತ ಹೇಳಿದ್ದು ಸತ್ಯ. ಅವರಪ್ಪಂದಿರಲ್ಲಿ ಬಹಳ ಮಂದಿ ಸಮಾಜವಾದಿಗಳಾಗಿದ್ದರು.

ಕೆನಡಾದ ರಾಜಕೀಯದಲ್ಲಿ ನನ್ನ ಮನಸ್ಸನ್ನು ಹಿಡಿದಿಟ್ಟಿರುವುದು ಇದೇ. ದೇಶವನ್ನು ಆಳಿದ ಪಕ್ಷಗಳು ಎರಡೇ, ಲಿಬರಲ್ ಮತ್ತು ಕನ್ಸರ್ವೇಟಿವ್. ಮೂರನೆಯ ಸ್ಥಾನದಲ್ಲಿ ಕುಳಿತ ಪ್ರಗತಿಪರರು, ಮೊದಲು ಸಿಸಿಎಫ್ ಎಂದೂ 1961ರಿಂದ ಎನ್‌ಡಿಪಿ ಎಂದೂ ಕರೆಸಿಕೊಂಡವರು, ಒಟ್ಟಾವಾದ ಗದ್ದುಗೆಯನ್ನು ಇಂದಿಗೂ ಏರಿಲ್ಲ. ಆದರೂ ಈ ದೇಶದ ಪ್ರತಿಯೊಬ್ಬರ ಪರ್ಸಿನಲ್ಲಿರುವ ಹೆಲ್ತ್ ಕಾರ್ಡಿನ ಹಿಂದೆ ಅವರ ಕೈಯಿದೆ.

ಕಥೆ ಶುರುವಾಗುವುದು ಒಂದು ಪತ್ರಿಕೆಯಿಂದ. 1919ರ ಮೇ ತಿಂಗಳಲ್ಲಿ ವಿನಿಪೆಗ್ ನಗರದ ಸುಮಾರು 30,000 ಕಾರ್ಮಿಕರು ಕೆಲಸ ನಿಲ್ಲಿಸಿದರು. ಟ್ರಾಮು, ಟೆಲಿಫೋನು, ಹಾಲು, ಬ್ರೆಡ್ಡು ಎಲ್ಲಕ್ಕೂ ತಡೆ ಬಿತ್ತು. ಮುಷ್ಕರದವರಿಗೆ ಅವರದೇ ಒಂದು ಪತ್ರಿಕೆಯಿತ್ತು. ಸರ್ಕಾರ ಅದರ ಸಂಪಾದಕನನ್ನು ಹಿಡಿದು ಒಳಗೆ ಹಾಕಿದಾಗ ಆ ಕುರ್ಚಿಗೆ ಬಂದವರು ಜೆ. ಎಸ್. ವುಡ್ಸ್‌ವರ್ತ್. ಮೆಥಡಿಸ್ಟ್ ಪಾದ್ರಿಯಾಗಿದ್ದು, ಯುದ್ಧವನ್ನು ವಿರೋಧಿಸಿ ಆ ವೃತ್ತಿ ಬಿಟ್ಟು, ವ್ಯಾಂಕೂವರ್ ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಹಮಾಲಿ ಮಾಡಿದ ಸಣಕಲು ಮನುಷ್ಯ. ಕೆಲವೇ ದಿನಗಳಲ್ಲಿ ಅವರೂ ಬಂಧಿತರಾದರು. ಅವರ ಮೇಲಿನ ರಾಜದ್ರೋಹದ ಆಪಾದನೆಯಲ್ಲಿ ಬೈಬಲ್ಲಿನ ಯೆಶಾಯನ ಗ್ರಂಥದ ವಚನಗಳೂ ಸೇರಿದ್ದವು. ಅನ್ಯಾಯದ ಕಾನೂನು ಮಾಡಿ ಬಡವರ ಹಕ್ಕು ಕಸಿಯುವವರನ್ನು ಖಂಡಿಸುವ ಆ ಮಾತುಗಳನ್ನು ಅವರು ಪತ್ರಿಕೆಯಲ್ಲಿ ಅಚ್ಚು ಹಾಕಿದ್ದರು. ಎರಡೂವರೆ ಸಾವಿರ ವರ್ಷ ಹಳೆಯ ಪ್ರವಾದಿಯ ನುಡಿ ವಿನಿಪೆಗ್ಗಿನ ಸರ್ಕಾರಿ ವಕೀಲರನ್ನು ನಡುಗಿಸಿತೆಂದರೆ, ಬರಹಕ್ಕೆ ಎಷ್ಟು ಬಲವಿದೆ ನೋಡಿ! ಆ ಮೊಕದ್ದಮೆ ವಿಚಾರಣೆಗೇ ಬರಲಿಲ್ಲ. ಎರಡು ವರ್ಷಗಳ ಮೇಲೆ ವಿನಿಪೆಗ್ಗಿನ ಜನ ಅವರನ್ನು ಸಂಸತ್ತಿಗೆ ಆರಿಸಿ ಕಳಿಸಿದರು.

ಸಂಸತ್ತಿನಲ್ಲಿ ಅವರು ಮಾಡಿದ ಒಂದು ಕೆಲಸವನ್ನು ನೆನೆದಾಗಲೆಲ್ಲ ನನಗೆ ಹಿಗ್ಗಾಗುತ್ತದೆ. 1925ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಕಾರ್ಮಿಕರ ಪರವಾಗಿ ಗೆದ್ದು ಬಂದವರು ಇಬ್ಬರೇ, ವುಡ್ಸ್‌ವರ್ತ್ ಮತ್ತು ಎ. ಎ. ಹೀಪ್ಸ್. ಹೀಪ್ಸ್ ಕುರ್ಚಿ, ಸೋಫಾಗಳಿಗೆ ಮೆತ್ತೆ ಹೊಲಿಯುವ ಕಸುಬಿನವರು, ಅವರೂ ಮುಷ್ಕರದಲ್ಲಿ ಬಂಧನ ಕಂಡವರು. ಇಬ್ಬರ ವೋಟಿಗೆ ಬೆಲೆ ಬಂದ ಗಳಿಗೆ ಅದು. ಅವರು ಮಂತ್ರಿಗಿರಿ ಕೇಳಬಹುದಿತ್ತು. ಅದರ ಬದಲು ಎರಡೂ ದೊಡ್ಡ ಪಕ್ಷಗಳ ನಾಯಕರಿಗೆ ಕಾಗದ ಬರೆದು ಕೇಳಿದರು: ವೃದ್ಧರಿಗೆ ಪಿಂಚಣಿ ಕೊಡುತ್ತೀರಾ, ಕೆಲಸ ಕಳೆದುಕೊಂಡವರಿಗೆ ನೆರವಾಗುತ್ತೀರಾ? ಲಿಬರಲ್ ಪ್ರಧಾನಿ ಮೆಕೆಂಜಿ ಕಿಂಗ್ ಪಿಂಚಣಿಗೆ ಒಪ್ಪಿದರು. ಮೊದಲ ಸಲ ಸೆನೆಟ್ ಅದನ್ನು ತಿರಸ್ಕರಿಸಿತು. ಮತ್ತೊಂದು ಚುನಾವಣೆ ನಡೆದು 1927ರಲ್ಲಿ ಕಾನೂನಾಯಿತು. ಎಪ್ಪತ್ತು ದಾಟಿದ ಬಡವರಿಗೆ ತಿಂಗಳಿಗೆ 20 ಡಾಲರ್. ಕೆನಡಾದ ವೃದ್ಧಾಪ್ಯ ಪಿಂಚಣಿ ಹುಟ್ಟಿದ್ದು ಹೀಗೆ, ಇಬ್ಬರ ಹಟದಿಂದ.

ಆಮೇಲೆ ಮೂವತ್ತರ ದಶಕ ಬಂತು. ಪ್ರೈರಿಯಲ್ಲಿ ವರ್ಷಗಟ್ಟಲೆ ಮಳೆ ಕೈಕೊಟ್ಟಿತು. ಮಣ್ಣು ಎದ್ದು ಹಾರಿ ಮಧ್ಯಾಹ್ನವೇ ಕತ್ತಲು ಕವಿಯಿತು. ಪೆಟ್ರೋಲಿಗೆ ದುಡ್ಡಿಲ್ಲದೆ ರೈತರು ಕಾರಿನ ಇಂಜಿನ್ ಕಿತ್ತು, ಮುಂದೆ ಕುದುರೆ ಕಟ್ಟಿ ಓಡಿಸಿದರು. ಆಗಿನ ಪ್ರಧಾನಿಯ ಹೆಸರಿನಲ್ಲಿ ಅದನ್ನು ‘ಬೆನೆಟ್ ಬಗ್ಗಿ’ ಎಂದು ಕರೆದರು. ಆ ಸಂಕಟದ ನಡುವೆ, 1933ರಲ್ಲಿ, ನಾನು ದಿನವೂ ಓಡಾಡುವ ಇದೇ ರಿಜೈನಾದಲ್ಲಿ ವುಡ್ಸ್‌ವರ್ತ್ ನಾಯಕತ್ವದ ಸಿಸಿಎಫ್ ತನ್ನ ಪ್ರಣಾಳಿಕೆಯನ್ನು ಅಂಗೀಕರಿಸಿತು. ಅದರ ಕರಡು ಸಿದ್ಧಪಡಿಸಿದವರು ಫ್ರಾಂಕ್ ಅಂಡರ್‌ಹಿಲ್, ಟೊರಾಂಟೊ ವಿಶ್ವವಿದ್ಯಾಲಯದ ಇತಿಹಾಸದ ಮೇಷ್ಟರು. ‘ಕೆನೇಡಿಯನ್ ಫೋರಂ’ ಪತ್ರಿಕೆಯಲ್ಲಿ ದೇಶದ ಆಗುಹೋಗುಗಳ ಬಗ್ಗೆ ಮುಲಾಜಿಲ್ಲದೆ ಅಂಕಣ ಬರೆಯುತ್ತಿದ್ದವರು. ಅವರ ಜೊತೆಗಾರ ಎಫ್. ಆರ್. ಸ್ಕಾಟ್ ಕವಿಯೂ ಹೌದು, ಮೆಕ್‌ಗಿಲ್‌ನಲ್ಲಿ ಕಾನೂನಿನ ಪ್ರಾಧ್ಯಾಪಕರೂ ಹೌದು. ಅಂಡರ್‌ಹಿಲ್ ಆಡಿದ ಮಾತು ಸಹಿಸದೆ ಅವರನ್ನು ಕೆಲಸದಿಂದ ತೆಗೆಯುವ ಪ್ರಯತ್ನವೂ ನಡೆಯಿತು. ಪ್ರತಿ ತಿಂಗಳು ಕೂತು, ಇದು ಹೀಗಿರಬೇಕಿಲ್ಲ, ಬೇರೆ ರೀತಿಯೂ ಇರಬಹುದು ಎಂದು ಬರೆಯುವವರು ಕೆಲವರು. ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದುವ ರೈತರು ಹಲವರು. ಬರಹ ಮತ್ತು ಬದುಕು ಹೀಗೆ ಕೈ ಹಿಡಿದದ್ದೇ ಈ ಚಳವಳಿಯ ನಿಜವಾದ ಬಂಡವಾಳ.

ರಿಜೈನಾದಿಂದ ಆಗ್ನೇಯಕ್ಕೆ ಒಂದು ಗಂಟೆಯ ಹಾದಿಯಲ್ಲಿ ವೇಬರ್ನ್ ಎಂಬ ಊರಿದೆ. ಅಲ್ಲಿ ಟಾಮಿ ಡಗ್ಲಸ್ ಅವರ ಕಂಚಿನ ಪ್ರತಿಮೆಯಿದೆ. ಗಿಡ್ಡ ಆಸಾಮಿ, ಬ್ಯಾಪ್ಟಿಸ್ಟ್ ಪಾದ್ರಿಯಾಗಿ ಆ ಊರಿಗೆ ಬಂದವರು, ಎಳವೆಯಲ್ಲಿ ಬಾಕ್ಸಿಂಗ್ ಚಾಂಪಿಯನ್. ಹುಡುಗನಾಗಿದ್ದಾಗ ಕಾಲಿನ ಮೂಳೆಗೆ ಸೋಂಕು ತಗುಲಿ, ಮನೆಯಲ್ಲಿ ದುಡ್ಡಿಲ್ಲದ ಕಾರಣ ಕಾಲು ಕತ್ತರಿಸುವುದೇ ದಾರಿ ಎಂಬ ಹಂತ ಬಂದಿತ್ತು. ವಿನಿಪೆಗ್ಗಿನ ಒಬ್ಬ ತಜ್ಞ ವೈದ್ಯರು, ತಮ್ಮ ವಿದ್ಯಾರ್ಥಿಗಳಿಗೆ ಪಾಠವಾಗಲಿ ಎಂದು, ಪುಕ್ಕಟೆಯಾಗಿ ಶಸ್ತ್ರಚಿಕಿತ್ಸೆ ಮಾಡಿದರು. ಕಾಲು ಉಳಿಯಿತು. ಆ ಹುಡುಗನ ಮನಸ್ಸಿನಲ್ಲಿ ಪ್ರಶ್ನೆಯೊಂದು ಕೂತಿತು: ನನ್ನ ಕಾಲು ಉಳಿದದ್ದು ಅದೃಷ್ಟದಿಂದ, ಅದೃಷ್ಟವಿಲ್ಲದ ಮಗುವಿನ ಗತಿಯೇನು? ಆ ಪ್ರಶ್ನೆಯನ್ನು ಅವರು ಜೀವಮಾನವಿಡೀ ಕೈಬಿಡಲಿಲ್ಲ. 1919ರ ಜೂನ್ 21ರಂದು ವಿನಿಪೆಗ್ಗಿನ ಬೀದಿಯಲ್ಲಿ ಪೊಲೀಸರು ಗುಂಡು ಹಾರಿಸಿದ್ದನ್ನು ಕಟ್ಟಡವೊಂದರ ತಾರಸಿಯ ಮೇಲಿಂದ ಕಂಡದ್ದೂ ಇದೇ ಹುಡುಗ.

ಡಗ್ಲಸ್ ಊರೂರು ಸುತ್ತಿ ಹೇಳುತ್ತಿದ್ದ ಒಂದು ಕಥೆ ಇಲ್ಲಿನ ಹಳಬರಿಗೆಲ್ಲ ಬಾಯಿಪಾಠ. ಇಲಿಗಳ ರಾಜ್ಯವೊಂದಿತ್ತು, ಆ ಇಲಿಗಳು ಚುನಾವಣೆಯಲ್ಲಿ ಒಮ್ಮೆ ಕರಿ ಬೆಕ್ಕುಗಳನ್ನು, ಬೇಸತ್ತಾಗ ಬಿಳಿ ಬೆಕ್ಕುಗಳನ್ನು ಆರಿಸುತ್ತಿದ್ದವು, ಕಾನೂನುಗಳೆಲ್ಲ ಬೆಕ್ಕುಗಳಿಗೆ ಒಳ್ಳೆಯವಾಗಿದ್ದವು, ಕೊನೆಗೊಂದು ಇಲಿ, ನಾವು ಇಲಿಗಳನ್ನೇ ಯಾಕೆ ಆರಿಸಬಾರದು ಎಂದು ಕೇಳಿ ಜೈಲಿಗೆ ಹೋಯಿತು. ಈ ಕಥೆಯನ್ನು ಮೊದಲು ಕಟ್ಟಿದವರು ಕ್ಲಾರೆನ್ಸ್ ಗಿಲ್ಲಿಸ್, ಕೇಪ್ ಬ್ರೆಟನ್ನಿನ ಕಲ್ಲಿದ್ದಲ ಗಣಿಯಿಂದ ಸಂಸತ್ತಿಗೆ ಬಂದವರು. ರಾಜಕೀಯ ವಿಮರ್ಶೆಯನ್ನು ಮಗುವಿಗೂ ತಿಳಿಯುವ ಹಾಗೆ ಹೇಳುವುದು ದೊಡ್ಡ ವಿದ್ಯೆ. ಅಂಕಿಅಂಶ ಮರೆತುಹೋಗುತ್ತದೆ, ಬೆಕ್ಕು, ಇಲಿ ಮರೆಯುವುದಿಲ್ಲ.

1944ರಲ್ಲಿ ಸಸ್ಕ್ಯಾಚೆವನ್ನಿನ ಜನ ಡಗ್ಲಸ್ ಅವರ ಸಿಸಿಎಫ್ ಪಕ್ಷಕ್ಕೆ 47 ಸೀಟು ಕೊಟ್ಟು ಪ್ರಾಂತ್ಯದ ಆಡಳಿತ ಒಪ್ಪಿಸಿದರು. ಉತ್ತರ ಅಮೆರಿಕದಲ್ಲಿ ಸಮಾಜವಾದಿ ಸರ್ಕಾರ ಅದೇ ಮೊದಲು. ಬೊಕ್ಕಸದಲ್ಲಿ ಸಾಲವಿತ್ತು. ಹಾಗಾಗಿ ಎಲ್ಲವನ್ನೂ ಒಮ್ಮೆಗೇ ಕೊಡುತ್ತೇವೆಂದು ಅವರು ಹೊರಡಲಿಲ್ಲ. 1947ರ ಜನವರಿ 1ರಿಂದ ಆಸ್ಪತ್ರೆಯ ವಿಮೆ ಬಂತು. ತಲೆಗೆ ವರ್ಷಕ್ಕೆ 5 ಡಾಲರ್, ಒಂದು ಸಂಸಾರಕ್ಕೆ ಹೆಚ್ಚೆಂದರೆ 30. ಆಸ್ಪತ್ರೆ ಸರಿಹೋದ ಮೇಲೆ ವೈದ್ಯರ ಶುಲ್ಕದ ಸರದಿ. ಅದಕ್ಕೆ ಮತ್ತೆ ಹದಿನೈದು ವರ್ಷ ಹಿಡಿಯಿತು. ಅಷ್ಟರಲ್ಲಿ ಡಗ್ಲಸ್ ಎನ್‌ಡಿಪಿಯ ನಾಯಕರಾಗಿ ರಾಷ್ಟ್ರ ರಾಜಕಾರಣಕ್ಕೆ ಹೋಗಿದ್ದರು. ಅವರ ಜಾಗದಲ್ಲಿದ್ದವರು ವುಡ್ರೋ ಲಾಯ್ಡ್, ಶಾಲಾ ಮೇಷ್ಟರಾಗಿದ್ದವರು, ಮೆಲುದನಿಯವರು.

1962ರ ಜುಲೈ 1ರಂದು, ವೈದ್ಯರ ಶುಲ್ಕವನ್ನು ಸರ್ಕಾರ ಭರಿಸುವ ಕಾನೂನು ಜಾರಿಗೆ ಬಂದ ದಿನವೇ, ಅದನ್ನು ವಿರೋಧಿಸಿ ಪ್ರಾಂತ್ಯದ ಹೆಚ್ಚಿನ ವೈದ್ಯರು ಕ್ಲಿನಿಕ್ಕುಗಳ ಬಾಗಿಲು ಮುಚ್ಚಿದರು. ಇಪ್ಪತ್ತಮೂರು ದಿನ ಆ ಮುಷ್ಕರ ನಡೆಯಿತು. ಒಂದೇ ಊರಿನಲ್ಲಿ ನೆರೆಹೊರೆಯವರು ಮಾತು ಬಿಟ್ಟರು, ಅಣ್ಣತಮ್ಮಂದಿರು ಬೇರೆ ಬೇರೆ ಕಡೆ ನಿಂತರು. ಸರ್ಕಾರ ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿತು. ಜನರೇ ಸಹಕಾರಿ ಪದ್ಧತಿಯಲ್ಲಿ ಕಮ್ಯುನಿಟಿ ಕ್ಲಿನಿಕ್ಕುಗಳನ್ನು ತೆರೆದರು. ಶಾಸನಸಭೆಯ ಮುಂದೆ ಹತ್ತಾರು ಸಾವಿರ ಜನ ಸೇರುತ್ತಾರೆಂದು ವಿರೋಧಿಗಳು ನಿರೀಕ್ಷಿಸಿದ್ದ ಸಭೆಗೆ ಬಂದದ್ದು ಕೆಲವೇ ಸಾವಿರ. ಬ್ರಿಟನ್ನಿನ ಲಾರ್ಡ್ ಟೇಲರ್ ನಡುವೆ ನಿಂತು ಸಂಧಾನ ಮಾಡಿ, ಸಸ್ಕಟೂನ್ ನಗರದಲ್ಲಿ ಒಪ್ಪಂದವಾಯಿತು. ಯೋಜನೆ ಉಳಿಯಿತು. ಲಾಯ್ಡ್ ಸರ್ಕಾರ ಮಾತ್ರ 1964ರಲ್ಲಿ ಸೋತಿತು; ಡಗ್ಲಸ್ ಅದಕ್ಕೂ ಮೊದಲೇ, 1962ರ ಜೂನಿನಲ್ಲಿ, ಇದೇ ರಿಜೈನಾದಿಂದ ಸಂಸತ್ತಿಗೆ ನಿಂತು ಸೋತಿದ್ದರು. ಹೊಸ ಸರ್ಕಾರ ಬಂದರೂ ಮೆಡಿಕೇರನ್ನು ಕಿತ್ತುಹಾಕುವ ಧೈರ್ಯ ಮಾಡಲಿಲ್ಲ. ಎರಡು ವರ್ಷದಲ್ಲಿ ಜನರಿಗೆ ಅದರ ರುಚಿ ಹತ್ತಿತ್ತು.

ಇದು ದೇಶಕ್ಕೆಲ್ಲ ಹರಡಿದ ಕಥೆ ಇನ್ನೂ ಸೊಗಸು. ಕನ್ಸರ್ವೇಟಿವ್ ಪ್ರಧಾನಿ ಡೀಫನ್‌ಬೇಕರ್ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು, ವೈದ್ಯರ ಮುಷ್ಕರಕ್ಕೂ ಮೊದಲೇ, ನ್ಯಾಯಮೂರ್ತಿ ಎಮೆಟ್ ಹಾಲ್ ಅವರನ್ನು ನೇಮಿಸಿದ್ದರು. ಹಾಲ್ ಕೂಡ ಅದೇ ಪಕ್ಷದ ಒಲವಿನವರು. ಆದರೆ ದೇಶವೆಲ್ಲ ಸುತ್ತಿ, ಎಲ್ಲರ ಮಾತು ಕೇಳಿ, 1964ರಲ್ಲಿ ಅವರು ಕೊಟ್ಟ ವರದಿ ಸಸ್ಕ್ಯಾಚೆವನ್ನಿನ ಮಾದರಿ ದೇಶಕ್ಕೆಲ್ಲ ಬೇಕು ಎಂದಿತು. ಅದನ್ನು ಜಾರಿಗೆ ತಂದದ್ದು ಲೆಸ್ಟರ್ ಪಿಯರ್ಸನ್ ಅವರ ಲಿಬರಲ್ ಸರ್ಕಾರ, ಅದೂ ಅಲ್ಪಮತದ್ದು. 1966ರ ಡಿಸೆಂಬರಿನಲ್ಲಿ ಮಸೂದೆಯ ಪರ ಬಿದ್ದ ವೋಟು 177, ವಿರೋಧ ಎರಡು. 1972ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಸೇರಿದ್ದವು. ಸಮಾಜವಾದಿ ಬಿತ್ತಿದ್ದನ್ನು ಕನ್ಸರ್ವೇಟಿವ್ ನ್ಯಾಯಾಧೀಶ ಮೆಚ್ಚಿ, ಲಿಬರಲ್ ಪ್ರಧಾನಿ ಕೊಯ್ದು, ಎಲ್ಲರೂ ಉಂಡರು. ಯಾರ ಹೆಸರು ಫಲಕದ ಮೇಲಿದೆ ಎಂಬುದು ಮುಖ್ಯವಲ್ಲ ಎಂಬ ದೊಡ್ಡತನ ಈ ಪ್ರಸಂಗದಲ್ಲಿ ಇದೆ. 2004ರಲ್ಲಿ ಸಿಬಿಸಿ ಟೆಲಿವಿಷನ್ ದೇಶದ ಅತಿ ದೊಡ್ಡ ವ್ಯಕ್ತಿ ಯಾರೆಂದು ಕೇಳಿ ಮತ ಪಡೆದಾಗ ಜನ ಆರಿಸಿದ್ದು ಎಂದೂ ಪ್ರಧಾನಿಯಾಗದ ಟಾಮಿ ಡಗ್ಲಸ್ ಅವರನ್ನು.

ನನ್ನ ಮಗಳು ಹುಟ್ಟಿದ್ದು ಈ ಊರಿನ ಆಸ್ಪತ್ರೆಯಲ್ಲಿ. ಹೆರಿಗೆ ಕಷ್ಟದ್ದಾಯಿತು, ಆಪರೇಷನ್ ಬೇಕಾಯಿತು. ಮನೆಗೆ ಹೊರಡುವ ದಿನ ನಾನು ಅಭ್ಯಾಸಬಲದಿಂದ ಬಿಲ್ಲು ಕಟ್ಟುವ ಕೌಂಟರ್ ಎಲ್ಲಿ ಎಂದು ನರ್ಸಮ್ಮನನ್ನು ಕೇಳಿದೆ. ಕಾರು ನಿಲ್ಲಿಸಿದ್ದಕ್ಕೆ ಮಾತ್ರ ದುಡ್ಡು ಕೊಡಬೇಕು ಎಂದರು ಆಕೆ. ಮುಂಗಡ ಕಟ್ಟಿದ ಮೇಲೆಯೇ ರೋಗಿಯನ್ನು ಒಳಗೆ ಸೇರಿಸಿಕೊಳ್ಳುವುದನ್ನು, ಆಸ್ಪತ್ರೆಗಾಗಿ ತಾಯಂದಿರ ಒಡವೆ ಗಿರವಿ ಅಂಗಡಿ ಸೇರುವುದನ್ನು ಕಂಡು ಬೆಳೆದವನಿಗೆ ಆ ಮಾತು ಹೇಗೆ ಕೇಳಿಸಿರಬೇಕು! ಆ ಸಂಜೆ ನಾನು ನೆನೆದದ್ದು ಇಪ್ಪತ್ತಮೂರು ದಿನ ಬಗ್ಗದೆ ನಿಂತ ವುಡ್ರೋ ಲಾಯ್ಡ್ ಅವರನ್ನು.

ಸೋಲುತ್ತೇವೆಂದು ಗೊತ್ತಿದ್ದೂ ನ್ಯಾಯದ ಮಾತು ಆಡುವುದು ಈ ಪರಂಪರೆಯ ಗುಣ. ಬ್ರಿಟಿಷ್ ಕೊಲಂಬಿಯಾದಲ್ಲಿ ಭಾರತೀಯರಿಗೂ ಚೀನೀಯರಿಗೂ ಜಪಾನೀಯರಿಗೂ ವೋಟಿನ ಹಕ್ಕೇ ಇರಲಿಲ್ಲ. ಅವರಿಗೂ ಹಕ್ಕು ಬೇಕೆಂದ ಸಿಸಿಎಫ್ ಮೇಲೆ 1935ರ ಚುನಾವಣೆಯಲ್ಲಿ ಎದುರಾಳಿಗಳು ಅದನ್ನೇ ಆಯುಧ ಮಾಡಿಕೊಂಡರು: ಇವರಿಗೆ ಹಾಕಿದ ವೋಟು ಏಷ್ಯಾದವರಿಗೆ ವೋಟಿನ ಹಕ್ಕು ಕೊಟ್ಟಂತೆ ಎಂದು ಜಾಹೀರಾತು ಹಾಕಿದರು. ಭಾರತೀಯರಿಗೆ ಆ ಹಕ್ಕು ಮರಳಿದ್ದು 1947ರಲ್ಲಿ. ಮುಂದೆ 2022ರ ಮೇ ತಿಂಗಳಲ್ಲಿ, ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನ ಮೂಲದ ಲಿಬರಲ್ ಸದಸ್ಯ ಚಂದ್ರ ಆರ್ಯ ಒಟ್ಟಾವಾದ ಸದನದಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದರು. ಆ ದಿನ ಸಂತೋಷಪಟ್ಟ ಕನ್ನಡಿಗರು 1935ರಲ್ಲಿ ನಮ್ಮಂಥವರ ಪರ ನಿಂತು ಬೈಗುಳ ತಿಂದವರನ್ನೂ ನೆನೆಯಬೇಕು. 1970ರಲ್ಲಿ ಕ್ವಿಬೆಕ್ಕಿನ ಪ್ರತ್ಯೇಕತಾವಾದಿಗಳು ನಡೆಸಿದ ಅಪಹರಣಗಳ ನಂತರ ಸರ್ಕಾರ ಯುದ್ಧಕಾಲದ ಕಾನೂನು ಹೇರಿ ವಿಚಾರಣೆಯಿಲ್ಲದೆ ನೂರಾರು ಜನರನ್ನು ಬಂಧಿಸಿದಾಗ, ಸದನದಲ್ಲಿ 190 ಮಂದಿ ಪರವಾಗಿ ನಿಂತರೆ ಡಗ್ಲಸ್ ಮತ್ತು ಅವರ ಸಂಗಾತಿಗಳು ಸೇರಿ 16 ಮಂದಿ ವಿರೋಧಿಸಿದರು. ಜನಪ್ರಿಯತೆ ಕುಸಿಯಿತು. ಅವರು ಮಾತು ಬದಲಿಸಲಿಲ್ಲ.

ಇತ್ತೀಚಿನ ಕಥೆಯೂ ಇದೇ ಜಾಡಿನದು. 2022ರ ಮಾರ್ಚಿನಲ್ಲಿ ಜಸ್ಟಿನ್ ಟ್ರೂಡೊ ಅವರ ಅಲ್ಪಮತದ ಸರ್ಕಾರಕ್ಕೆ ಜಗ್ಮೀತ್ ಸಿಂಗ್ ನಾಯಕತ್ವದ ಎನ್‌ಡಿಪಿ ತನ್ನ 25 ಸದಸ್ಯರ ಬೆಂಬಲ ಕೊಟ್ಟಿತು. ಪ್ರತಿಯಾಗಿ ಕೇಳಿದ್ದು ಮಂತ್ರಿ ಪದವಿಯನ್ನಲ್ಲ. ಹಲ್ಲಿನ ಚಿಕಿತ್ಸೆಯನ್ನು ಮತ್ತು ಔಷಧಿಯನ್ನು. ಬೇರೆ ವಿಮೆಯಿಲ್ಲದ, ವರ್ಷಕ್ಕೆ 90,000 ಡಾಲರಿಗಿಂತ ಕಡಿಮೆ ಆದಾಯದ ಸಂಸಾರಗಳಿಗೆ ದಂತ ಚಿಕಿತ್ಸೆಯ ಯೋಜನೆ ಬಂತು. 2024ರ ಅಕ್ಟೋಬರಿನಲ್ಲಿ ಔಷಧಿಯ ಕಾನೂನೂ ಆಯಿತು. ಮೊದಲ ಹೆಜ್ಜೆಯಾಗಿ ಸಕ್ಕರೆ ಕಾಯಿಲೆಯ ಔಷಧಿಗಳು ಮತ್ತು ಗರ್ಭನಿರೋಧಕಗಳು. ನಮ್ಮ ಬೀದಿಯ ವಯಸ್ಸಾದ ಹೆಂಗಸೊಬ್ಬರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಹೊಸ ಹಲ್ಲಿನ ಸೆಟ್ಟು ಬಂದ ಮೇಲೆ ಅವರು ಸೇಬನ್ನು ಕಚ್ಚಿ ತಿನ್ನುತ್ತ ಅಂಗಳದಲ್ಲಿ ನಿಂತದ್ದನ್ನು ಕಂಡೆ. ರಾಜಕೀಯದ ಅರ್ಥ ಇಷ್ಟೇ, ಇದಕ್ಕಿಂತ ದೊಡ್ಡದಿಲ್ಲ.

2025ರ ಏಪ್ರಿಲ್ 28ರ ಚುನಾವಣೆ ಬಂತು. ಅಮೆರಿಕದ ಸುಂಕದ ಬೆದರಿಕೆಗೆ ಹೆದರಿದ ಪ್ರಗತಿಪರ ಮತದಾರರು ಮಾರ್ಕ್ ಕಾರ್ನಿ ಅವರ ಲಿಬರಲ್ ಪಕ್ಷದ ನೆರಳಿಗೆ ಓಡಿದರು. ಎನ್‌ಡಿಪಿಗೆ ಉಳಿದದ್ದು 7 ಸೀಟು. ಅಧಿಕೃತ ಪಕ್ಷವೆನಿಸಿಕೊಳ್ಳಲು ಬೇಕಾದ 12 ಕೂಡ ಬರಲಿಲ್ಲ. ಸಿಂಗ್ ತಮ್ಮ ಕ್ಷೇತ್ರದಲ್ಲೇ ಸೋತು ನಾಯಕತ್ವ ಬಿಟ್ಟರು. ಪಕ್ಷದ ಕಥೆ ಮುಗಿಯಿತೆಂದು ಬರೆದವರು ಬಹಳ. ನಾನು ಹಾಗೆ ನಂಬುವುದಿಲ್ಲ. ಗೆದ್ದು ಬಂದ ಏಳು ಮಂದಿ ಎಂದರೆ ವುಡ್ಸ್‌ವರ್ತ್, ಹೀಪ್ಸ್ ಇದ್ದದ್ದಕ್ಕಿಂತ ಐವರು ಹೆಚ್ಚೇ.

ಕೆಲಸವೂ ಬೇಕಾದಷ್ಟಿದೆ. ಲಕ್ಷಾಂತರ ಜನರಿಗೆ ಕುಟುಂಬ ವೈದ್ಯರೇ ಇಲ್ಲ, ಮಂಡಿಯ ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾಯಬೇಕು. ಮೂಲನಿವಾಸಿಗಳ ವಸತಿಗಳಲ್ಲಿ ಕೆಲವು ಕಡೆ ಇಂದಿಗೂ ನಲ್ಲಿಯ ನೀರು ಕಾಯಿಸದೆ ಕುಡಿಯುವಂತಿಲ್ಲ. ಮೂಲನಿವಾಸಿಗಳ ಮಕ್ಕಳನ್ನು ತಾಯ್ತಂದೆಯರಿಂದ ಕಿತ್ತು ತುಂಬುತ್ತಿದ್ದ ವಸತಿ ಶಾಲೆಗಳಲ್ಲಿ ಈ ಪ್ರಾಂತ್ಯದ ಗಾರ್ಡನ್ ಶಾಲೆ ಮುಚ್ಚಿದ್ದು 1996ರಲ್ಲಿ, ಮೊನ್ನೆ ಮೊನ್ನೆ. ಆ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಕೊಟ್ಟ 94 ಕರೆಗಳಲ್ಲಿ ಬಹಳಷ್ಟು ಇನ್ನೂ ಕಾಗದದ ಮೇಲಿವೆ. ಪ್ರಗತಿಪರರೆನಿಸಿಕೊಂಡವರು ಇದನ್ನೆಲ್ಲ ದಿನವೂ, ಬೇಸರಿಸದೆ, ಹೇಳುತ್ತಲೇ ಇರಬೇಕು. ಹೇಳಿದ್ದನ್ನೇ ಹೇಳುತ್ತಾರೆ ಎಂಬ ಮಾತು ಬಂದರೆ ಬರಲಿ. ಪಿಂಚಣಿಯನ್ನೂ ಮೆಡಿಕೇರನ್ನೂ ತಂದದ್ದು ಹೇಳಿದ್ದನ್ನೇ ಹೇಳಿದವರು.

ಆದ್ದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ಯಾವ ದೇಶದ ಚುನಾವಣೆಯೇ ಆಗಲಿ, ಫಲಿತಾಂಶ ಬಂದ ಸಂಜೆ ಗೆದ್ದವರ ಮೆರವಣಿಗೆ ನೋಡಿ ಆದ ಮೇಲೆ, ಸೋತು ಮೂರನೆಯ ಸ್ಥಾನಕ್ಕೆ ಇಳಿದವರ ಪ್ರಣಾಳಿಕೆಯನ್ನು ಒಮ್ಮೆ ಬಿಡುವಾಗಿ ಓದಿ. ಅದರಲ್ಲಿ ಬಡವನ ಪರವಾದ, ಇಂದು ಅಸಾಧ್ಯವೆನ್ನಿಸುವ ಒಂದು ಸಾಲು ಸಿಕ್ಕರೆ ಅದನ್ನು ಮರೆಯಬೇಡಿ, ನಾಲ್ಕು ಜನರಿಗೆ ಹೇಳಿ. ನಮ್ಮ ಮೊಮ್ಮಕ್ಕಳು ಯಾರಿಗೂ ಮುಟ್ಟಲು ಬಿಡದ ಕಾನೂನು ಅದೇ ಆಗಬಹುದು.